ಮುರಿದ ದಳದ ಜಾಡು

ಹಳೆಯ ಪುಸ್ತಕದ ಹೊದಿಕೆಯ ಮೇಲಿನ ಚಿನ್ನದ ಕೆಲಸ ನೋಡಿ "ಅಬ್ಬಾ, ಎಷ್ಟು ಚೆಂದ" ಅನ್ನುವವರನ್ನು ಕಂಡರೆ ನನಗೆ ಈಗೀಗ ಸ್ವಲ್ಪ ಹೊಟ್ಟೆಕಿಚ್ಚು. ನನ್ನ ಕಣ್ಣು ಚೆಂದದ ಮೇಲೆ ನಿಲ್ಲುವುದೇ ಇಲ್ಲ. ನೇರವಾಗಿ ಮೂಲೆಯ ಪುಟ್ಟ ಹೂವಿಗೆ ಹೋಗಿ, ಅದರ ಎಡ ದಳದ ತುದಿ ಮೊಂಡಾಗಿದೆಯೇ ಎಂದು ಹುಡುಕುತ್ತದೆ. ಮೊಂಡಾಗಿದ್ದರೆ ನನಗೆ ಹಬ್ಬ.

ನಾನು ಮೈಸೂರಿನಲ್ಲಿ ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುವವಳು. ಕೆಲಸ ಕಲಿತದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಉಸ್ತಾದರೊಬ್ಬರ ಬೈಂಡಿಂಗ್ ಅಂಗಡಿಯಲ್ಲಿ. ಅಲ್ಲಿಗೆ ಬರುತ್ತಿದ್ದದ್ದು ಲೆಕ್ಕದ ಪುಸ್ತಕ, ಕಾಲೇಜಿನವರ ಥೀಸಿಸ್, ವಕೀಲರ ಲಾ ರಿಪೋರ್ಟು. ರಟ್ಟು, ಕ್ಯಾಲಿಕೊ, ಮೈದಾ ಅಂಟು, ಬೆನ್ನಿನ ಮೇಲೆ ಹೊಳೆಯುವ ಅಕ್ಷರ. ಇಷ್ಟೇ ಪ್ರಪಂಚ. ಆದರೆ ಉಸ್ತಾದರು ಬೇರೆ ಅಂಗಡಿಯಲ್ಲಿ ಕಟ್ಟಿದ ಪುಸ್ತಕ ಕೈಗೆ ಬಂದ ಕೂಡಲೇ ಅದು ಯಾರ ಕೆಲಸವೆಂದು ಹೇಳಿಬಿಡುತ್ತಿದ್ದರು. ಒಮ್ಮೆ ಹೇಗೆಂದು ಕೇಳಿದೆ. "ಆರ್ ಅಕ್ಷರ ನೋಡು ಬೇಟಿ. ಅದರ ಕಾಲು ಗಿಡ್ಡ. ಆ ಅಚ್ಚು ಎಂದೋ ಕೆಳಗೆ ಬಿದ್ದು ಕಾಲು ಮುರಿದುಕೊಂಡಿದೆ, ಅವರು ಹೊಸದು ಕೊಳ್ಳಲಿಲ್ಲ" ಅಂದರು. ಯುರೋಪಿನ ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲಿ ವಿದ್ವಾಂಸರು ಆಯುಷ್ಯವಿಡೀ ಮಾಡಿದ್ದು ಇದೇ ಕೆಲಸವೆಂದು ನನಗೆ ಗೊತ್ತಾದದ್ದು ಆಮೇಲೆ.

ಚಿನ್ನ ಕೂರಿಸುವ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಮೇಕೆಯ ಅಥವಾ ಕರುವಿನ ಚರ್ಮ ಹೊದಿಸಿದ ರಟ್ಟಿನ ಮೇಲೆ ವಿನ್ಯಾಸವನ್ನು ಮೊದಲು ಬರಿಯ ಅಚ್ಚಿನಿಂದ ಒತ್ತುತ್ತಾರೆ. ಬಿದ್ದ ತಗ್ಗುಗಳಿಗೆ ಸೋಸಿದ ಮೊಟ್ಟೆಯ ಬಿಳಿ ಸವರುತ್ತಾರೆ. ಆರಿದ ಮೇಲೆ ತುಸುವೇ ಎಣ್ಣೆ ಒರೆಸಿ ಚಿನ್ನದ ರೇಕು ಹಾಸುತ್ತಾರೆ. ಬಳಿಕ ಕಾಯಿಸಿದ ಹಿತ್ತಾಳೆ ಅಚ್ಚನ್ನು ಅದೇ ತಗ್ಗಿಗೆ ಸರಿಯಾಗಿ ಕೂರಿಸಿ ಮತ್ತೆ ಒತ್ತುತ್ತಾರೆ. ಬಿಸಿಗೆ ಮೊಟ್ಟೆಯ ಬಿಳಿ ಗಟ್ಟಿಯಾಗಿ, ಅಷ್ಟು ಜಾಗದಲ್ಲಿ ಮಾತ್ರ ಚಿನ್ನ ಹಿಡಿಯುತ್ತದೆ. ಉಳಿದದ್ದು ಒರೆಸಿದರೆ ಹೋಗುತ್ತದೆ. ಕಾವು ಹೆಚ್ಚಾದರೆ ಚರ್ಮ ಸುಟ್ಟು ಗೆರೆ ದಪ್ಪವಾಗುತ್ತದೆ. ಸಾಲದಿದ್ದರೆ ಚಿನ್ನ ಉದುರುತ್ತದೆ. ಚಿನ್ನವೇ ಇಲ್ಲದೆ ಬರೀ ಬಿಸಿ ಅಚ್ಚು ಒತ್ತಿ ಬಿಡುವುದೂ ಉಂಟು, ಯುರೋಪಿನಲ್ಲಿ ಅದೇ ಹಳೆಯ ಪದ್ಧತಿ. ಚಿನ್ನದ ಕೆಲಸ ಇಸ್ಲಾಮಿಕ್ ನಾಡುಗಳಿಂದ 15ನೆಯ ಶತಮಾನದಲ್ಲಿ ಇಟಲಿ ಸೇರಿ, 16ನೆಯ ಶತಮಾನದಲ್ಲಿ ಫ್ರಾನ್ಸ್, ಇಂಗ್ಲೆಂಡುಗಳಿಗೆ ಹಬ್ಬಿತು. 1772ರಲ್ಲಿ ದ್ಯುದಾಂ ಎಂಬಾತ ಫ್ರೆಂಚಿನಲ್ಲಿ ಬರೆದ ಬೈಂಡಿಂಗ್ ಕೈಪಿಡಿಯ ಕ್ರಮಕ್ಕೂ ನಾನು ಇವತ್ತು ಮಾಡುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನನ್ನದು ಕರೆಂಟಿನ ಒಲೆ, ಅಷ್ಟೆ.

ಅಚ್ಚುಗಳಲ್ಲಿ ಜಾತಿಗಳಿವೆ. ಹೂವು, ಎಲೆ, ಕಿರೀಟ, ಚುಕ್ಕೆಗಳಿಗೆ ಮರದ ಹಿಡಿಯ ಒಂಟಿ ಅಚ್ಚು. ಬಾಗಿದ ಗೆರೆಗಳಿಗೆ ಬೇರೆ ಬೇರೆ ಅಳತೆಯ ಕಮಾನುಗಳು. ಇಡೀ ಹೊದಿಕೆಯ ನಡುವೆ ಚಿತ್ರ ಮೂಡಿಸುವ ದೊಡ್ಡ ಹಲಗೆಯಚ್ಚು. ಮತ್ತೊಂದು ಗಾಲಿಯಚ್ಚು: ಅಂಚಿನಲ್ಲಿ ಉದ್ದಕ್ಕೆ ಉರುಳಿಸಿಕೊಂಡು ಹೋದರೆ ಬಳ್ಳಿ ಬಿಡಿಸಿದ ಪಟ್ಟಿ ಬೀಳುತ್ತದೆ. ಸಂಕ್ರಾಂತಿ ಸಂತೆಯಲ್ಲಿ ಸಿಗುವ ರಂಗೋಲಿ ಕೊಳವೆ ನೆನಪಿಸಿಕೊಳ್ಳಿ. ಪುಡಿ ತುಂಬಿ ಉರುಳಿಸಿದರೆ ಹೂಬಳ್ಳಿ ಸಾಲಾಗಿ ಬೀಳುತ್ತದಲ್ಲ, ಅದರ ಒಂದು ತೂತು ಮುಚ್ಚಿಹೋಗಿದ್ದರೆ ಕೊಳವೆ ಒಂದು ಸುತ್ತು ಬಂದಾಗಲೆಲ್ಲ ಅದೇ ಜಾಗದಲ್ಲಿ ಒಂದು ಚುಕ್ಕೆ ಕಾಣೆಯಾಗುತ್ತದೆ. ಗಾಲಿಯಚ್ಚೂ ಹಾಗೇ. ಎಲೆಯೊಂದರ ಮೇಲಿನ ಕಚ್ಚು 22 ಸೆಂಟಿಮೀಟರ್ ದಾಟಿದ ಮೇಲೆ ಮತ್ತೆ ಬಂದರೆ ಆ ಗಾಲಿಯ ಸುತ್ತಳತೆ 22, ಅಡ್ಡಳತೆ 7 ಸೆಂಟಿಮೀಟರ್. ಮುನ್ನೂರು ವರ್ಷದ ಹಿಂದೆ ಕಳೆದುಹೋದ ಉಪಕರಣವೊಂದರ ಅಳತೆ ಹೀಗೆ ಚರ್ಮದ ಮೇಲಿನಿಂದಲೇ ಸಿಕ್ಕಿಬಿಡುತ್ತದೆ.

ಇಲ್ಲಿಂದ ಮುಂದಿನದೆಲ್ಲ ಒಂದು ಸರಳ ಸಂಗತಿಯ ಮೇಲೆ ನಿಂತಿದೆ. ಹಿತ್ತಾಳೆಯ ಅಚ್ಚನ್ನು ಕೆತ್ತುತ್ತಿದ್ದದ್ದು ಕೈಯಲ್ಲಿ. ಒಬ್ಬನೇ ಕೆತ್ತನೆಗಾರ ಒಂದೇ ನಕ್ಷೆ ಇಟ್ಟುಕೊಂಡು ಎರಡು ಹೂವು ಕೆತ್ತಿದರೂ ಒಂದರ ನಡುದಳ ತುಸು ವಾಲುತ್ತದೆ, ಇನ್ನೊಂದರ ಎಲೆಯಲ್ಲಿ ನರ ಒಂದು ಕಡಿಮೆ. ಆಮೇಲೆ ಬಳಕೆಯಲ್ಲಿ ಸವೆತ, ಬಿದ್ದಾಗ ಮುರಿತ. ವಿನ್ಯಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಅದು ಆ ಕಾಲದ ಫ್ಯಾಶನ್ನು. ಊನವನ್ನು ಯಾರೂ ನಕಲು ಮಾಡುವುದಿಲ್ಲ. ಹಾಗಾಗಿ ಎರಡು ಪುಸ್ತಕ ಒಂದೇ ಅಂಗಡಿಯದ್ದೇ ಎಂದು ಯಾರಾದರೂ ಕೇಳಿದರೆ ಒಟ್ಟು ನೋಟ ಹೋಲುತ್ತದೆಯೇ ಎಂದು ನಾನು ನೋಡುವುದಿಲ್ಲ. ಹೋಲಿಕೆ ನನ್ನ ಮಟ್ಟಿಗೆ ಸಾಕ್ಷಿಯೇ ಅಲ್ಲ.

ನೋಡುವ ರೀತಿಯಲ್ಲೂ ಎಚ್ಚರ ಬೇಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಹೊದಿಕೆಯ ಮಟ್ಟಕ್ಕೆ ಇಳಿಸಿ, ಬೆಳಕು ಅಡ್ಡಲಾಗಿ ಬೀಳುವಂತೆ ಹಿಡಿದರೆ ಚಿನ್ನ ಹೋದ ಕಡೆಯೂ ತಗ್ಗು ಕಾಣುತ್ತದೆ. ಒಂದು ಒತ್ತಿನಲ್ಲಿ ದಳ ಕಾಣದಿದ್ದರೆ ಕೈ ವಾಲಿರಬಹುದು, ಕಾವು ಸಾಲದಿರಬಹುದು. ಅದೇ ಹೊದಿಕೆಯಲ್ಲಿ ಆ ಹೂವು ಬಿದ್ದ ಅಷ್ಟೂ ಕಡೆ ಅದೇ ದಳ ಮೊಂಡಾಗಿದ್ದರೆ ಆಗ ಮಾತ್ರ ಅದು ಅಚ್ಚಿನ ಊನ. ಬರಿಯ ಅಳತೆಯನ್ನು ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಒದ್ದೆ ಚರ್ಮ ಒಣಗುವಾಗ ಸೇದಿಕೊಳ್ಳುತ್ತದೆ, ಬಿಸಿ ಹೆಚ್ಚಾದ ಅಚ್ಚು ಅಗಲವಾಗಿ ಕಾಣುತ್ತದೆ. ಕೋನಗಳು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ದಂಟಿಗೂ ಎಲೆಗೂ ನಡುವಿನ ಕೋನ, ಚುಕ್ಕೆಯಿಂದ ದಳದ ತುದಿಗಿರುವ ಅಂತರದ ಪ್ರಮಾಣ, ಇವನ್ನು ಹಿಡಿಯಬೇಕು.

ಹಿಂದೆ ಇದನ್ನೆಲ್ಲ ಕಾಗದಕ್ಕೆ ಇಳಿಸಿಕೊಳ್ಳಲು ತೆಳು ಹಾಳೆ ಹೊದಿಸಿ ಮೆತ್ತನೆಯ ಪೆನ್ಸಿಲಿನಿಂದ ಉಜ್ಜುತ್ತಿದ್ದರು. ಜರ್ಮನಿಯ ಅರ್ನ್ಸ್ಟ್ ಕಿರಿಸ್, ಪೌಲ್ ಶ್ವೆಂಕೆ ಇಂಥವರು ಹೀಗೆ ಉಜ್ಜಿ ಉಜ್ಜಿ ಕಟ್ಟಿದ ಸಂಗ್ರಹಗಳು ಸ್ಟುಟ್‌ಗಾರ್ಟ್, ಬರ್ಲಿನ್‌ಗಳಲ್ಲಿವೆ. 15 ಮತ್ತು 16ನೆಯ ಶತಮಾನದ ಅಚ್ಚುಗಳನ್ನು ಈಗ ಅಲ್ಲಿಯ ಗ್ರಂಥಾಲಯಗಳ ಡಿಜಿಟಲ್ ಭಂಡಾರದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಚಿನ್ನದ ಕೆಲಸದ ಮೇಲೆ ಪೆನ್ಸಿಲ್ ಉಜ್ಜಿದರೆ ಚಿನ್ನಕ್ಕೇ ಪೆಟ್ಟು, ಹಾಗಾಗಿ ನಾನು ಅಂಥದಕ್ಕೆ ಕೈ ಹಾಕುವುದಿಲ್ಲ. ಕ್ಯಾಮೆರಾವನ್ನು ನೆಟ್ಟಗೆ ಮೇಲಿನಿಂದ ಹಿಡಿದು, ಪಕ್ಕದಲ್ಲಿ ಉಕ್ಕಿನ ಸ್ಕೇಲು ಇಟ್ಟು ಫೋಟೊ ತೆಗೆಯುತ್ತೇನೆ. ಓರೆಯಾಗಿ ತೆಗೆದ ವಾಟ್ಸಾಪ್ ಫೋಟೊ ಕಳಿಸಿ "ಇದು ಯಾವ ಕಾಲದ್ದು?" ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ಈ ವಿದ್ಯೆ ಹೆಸರಾಂತರ ಗರ್ವಭಂಗ ಮಾಡಿದ್ದೂ ಉಂಟು. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ 1660ರಲ್ಲಿ ಸಿಂಹಾಸನಕ್ಕೆ ಮರಳಿದಾಗ ಸ್ಯಾಮುಯೆಲ್ ಮರ್ನ್ ಅರಮನೆಯ ಬೈಂಡರ್ ಆದ. ಆ ಕಾಲದ ಲಂಡನ್ನಿನ ಬೈಂಡಿಂಗ್‌ಗಳು ಬೆರಗು ಹುಟ್ಟಿಸುವಂಥವು: ಕಡುಗೆಂಪು ಮೇಕೆ ಚರ್ಮ, ಅದರ ಮೇಲೆ ಮನೆಯ ಮಾಡಿನಂಥ ಚೌಕಟ್ಟು, ಒಳಗೆ ಕಿಕ್ಕಿರಿದ ಚಿನ್ನದ ಹೂವುಗಳು. 1906ರಲ್ಲಿ ಸಿರಿಲ್ ಡೆವನ್‌ಪೋರ್ಟ್ ಎಂಬ ವಿದ್ವಾಂಸ ಮರ್ನ್ ಬಗ್ಗೆ ದೊಡ್ಡ ಪುಸ್ತಕ ಬರೆದು, ಆ ಮಾದರಿಯ ಚೆಂದದ ಬೈಂಡಿಂಗ್‌ಗಳ ದೊಡ್ಡ ಪಾಲನ್ನು ಅವನ ಹೆಸರಿಗೆ ಬರೆದುಬಿಟ್ಟ. ವ್ಯಾಪಾರಿಗಳಿಗೆ ಅಷ್ಟು ಸಾಕಲ್ಲ? ಚಿನ್ನ ಕಂಡದ್ದೆಲ್ಲ ಮರ್ನ್ ಆಯಿತು.

ಹೋವರ್ಡ್ ನಿಕ್ಸನ್ ಎಂಬ ಇನ್ನೊಬ್ಬ ವಿದ್ವಾಂಸ ಈ ರಾಶಿಯನ್ನು ಬಿಡಿಸಲು ಕೂತ. ಅವನು ಅಚ್ಚುಗಳನ್ನು ಒಂದೊಂದಾಗಿ ಹೋಲಿಸಿದ. ಆ ಕಾಲದ ಲಂಡನ್ನಿನಲ್ಲಿ ಡ್ರಾಯರಿನ ಹಿಡಿಯಂಥ ಒಂದು ಅಚ್ಚು ಬಹಳ ಚಾಲ್ತಿಯಲ್ಲಿತ್ತು. ಹಲವು ಅಂಗಡಿಗಳಲ್ಲಿ ಅದು ಇದ್ದದ್ದರಿಂದ "ಡ್ರಾಯರ್ ಹಿಡಿ ಇದೆ" ಅಂದರೆ ಏನನ್ನೂ ಹೇಳಿದಂತಾಗಲಿಲ್ಲ. ಯಾವ ಡ್ರಾಯರ್ ಹಿಡಿ, ಅದರ ಸುರುಳಿಯ ತುದಿ ಎಲ್ಲಿ ಮುಗಿಯುತ್ತದೆ, ಅದರ ಜೊತೆ ಯಾವ ಹೂವು ಬರುತ್ತದೆ ಎಂದು ನೋಡುತ್ತಾ ಹೋದರೆ ಗುಂಪುಗಳು ತಾವಾಗಿಯೇ ಬೇರ್ಪಡುತ್ತವೆ. 1974ರಲ್ಲಿ ಬಂದ ನಿಕ್ಸನ್ನನ ಪುಸ್ತಕದಲ್ಲಿ ಮರ್ನ್ ಅಂಗಡಿಗೆ ಉಳಿದದ್ದು ಒಂದು ಪಾಲು; ಮಿಕ್ಕದ್ದು ಬೇರೆಯವರ ಪಾಲಾಯಿತು. ರಾಣಿಯರಿಗೆ ಪುಸ್ತಕ ಕಟ್ಟಿಕೊಟ್ಟದ್ದರಿಂದ 'ರಾಣಿಯರ ಬೈಂಡರ್' ಎಂದು ಕರೆಸಿಕೊಂಡಿದ್ದ ಒಬ್ಬ ಅನಾಮಿಕನಿದ್ದ. ಅವನೂ ಒಬ್ಬನಲ್ಲ, ಎ, ಬಿ, ಸಿ, ಡಿ ಎಂದು ಹಲವರು ಎಂದಾಯಿತು. ಅವರಲ್ಲಿ 'ಎ' ಬಹುಶಃ ವಿಲಿಯಂ ನಾಟ್ ಎಂಬಾತ. ದಿನಚರಿಗೆ ಪ್ರಸಿದ್ಧನಾದ ಸ್ಯಾಮುಯೆಲ್ ಪೀಪ್ಸ್ 1669ರ ಮಾರ್ಚಿನಲ್ಲಿ ಈ ನಾಟ್‌ನ ಅಂಗಡಿಗೆ ಹೋಗಿ, ಅವನ ಕೈಯ ಕೆಲಸ ತನ್ನಲ್ಲೊಂದು ಇರಲಿ ಎಂಬ ಆಸೆಗೆ ಪುಸ್ತಕವೊಂದನ್ನು ಕಟ್ಟಲು ಕೊಟ್ಟು ಬಂದಿದ್ದ. ತನ್ನ ಕಾಲದಲ್ಲಿ ಊರೆಲ್ಲ ಬಲ್ಲ ಕಸುಬುದಾರ ಮುಂದೆ ಎರಡು ಶತಮಾನ ದಾಟಿದರೂ ಇನ್ನೊಬ್ಬನ ಹೆಸರಿನ ನೆರಳಲ್ಲಿ ಇರಬೇಕಾಯಿತಲ್ಲ ಎಂದು ನನಗೆ, ಅದೇ ಕಸುಬಿನವಳಾಗಿ, ಸ್ವಲ್ಪ ಸಿಟ್ಟು.

ಕೊಡಗಿನ ತೋಟದ ಮನೆಯೊಂದರಿಂದ ಒಬ್ಬರು ಹಿರಿಯರು ಇಂಗ್ಲಿಷ್ ಪ್ರಾರ್ಥನಾ ಪುಸ್ತಕವೊಂದನ್ನು ನನ್ನಲ್ಲಿಗೆ ತಂದಿದ್ದರು. ತೋಟದ ಜೊತೆಗೇ ಅವರ ತಂದೆಯವರಿಗೆ ಬಂದ ಕಪಾಟಿನಲ್ಲಿ ಇದ್ದದ್ದು. ಕೆಂಪು ಚರ್ಮ, ಮಾಡಿನ ಚೌಕಟ್ಟು, ನಾಲ್ಕು ಮೂಲೆಗೂ ಡ್ರಾಯರ್ ಹಿಡಿ. ಅವರು ಅಷ್ಟಿಷ್ಟು ಓದಿಕೊಂಡೇ ಬಂದಿದ್ದರು.

"ಮರ್ನ್ ಅಂತ ಬರೆದುಕೊಡಬಹುದಲ್ವಾ ಮೇಡಂ?"

"ಅಚ್ಚು ನೋಡಿ ಹೇಳ್ತೀನಿ ಸರ್."

ನೋಡಿದೆ. ಹಿಡಿಯ ಸುರುಳಿ ಮುಗಿಯುವ ಕಡೆ ಒಂದು ಸಣ್ಣ ಗಂಟು. ನಿಕ್ಸನ್ ಕೊಟ್ಟ ಮರ್ನ್ ಅಚ್ಚಿನ ಚಿತ್ರಗಳಲ್ಲಿ ಅದಿಲ್ಲ. ಅಂಚಿನ ಗಾಲಿಯೂ ಹೊಂದಲಿಲ್ಲ. "17ನೆಯ ಶತಮಾನದ ಕೊನೆಯ ಭಾಗದ ಲಂಡನ್ ಕೆಲಸ, ಬೈಂಡರ್ ಗೊತ್ತಿಲ್ಲ" ಎಂದು ಬರೆದುಕೊಟ್ಟೆ. ಅವರ ಮುಖ ಸಣ್ಣದಾಯಿತು. ಹೆಸರಿಲ್ಲದ ಕೆಲಸಕ್ಕೆ ಬೆಲೆ ಕಡಿಮೆ ಎಂಬುದು ನಿಜ. ಆದರೆ ಸುಳ್ಳು ಹೆಸರು ಅಂಟಿಸಿದ ಪುಸ್ತಕ ಮುಂದೆ ಇನ್ನೊಬ್ಬರ ಹೋಲಿಕೆಗೆ ಆಧಾರವಾಗಿ, ಆ ಸುಳ್ಳು ಮರಿ ಹಾಕುತ್ತಾ ಹೋಗುತ್ತದೆ. ಅನಾಮಿಕ ಎಂದು ಬರೆಯಲು ಹಿಂಜರಿಯದವರೇ ಈ ಕ್ಷೇತ್ರದಲ್ಲಿ ನೆಚ್ಚಬಹುದಾದವರು.

ಡಬ್ಲಿನ್ನಿನ ಕತೆ ನೋಡಿ. ಐರಿಷ್ ಸಂಸತ್ತಿನ ಎರಡೂ ಸದನಗಳ ಕಲಾಪದ ಹಸ್ತಪ್ರತಿಗಳು 149 ಸಂಪುಟಗಳಲ್ಲಿ ಕಟ್ಟಿಸಲ್ಪಟ್ಟಿದ್ದವು. ಚಿನ್ನದ ಕೆಲಸದಲ್ಲಿ ಅವಕ್ಕೆ ಸಾಟಿಯಾದ ಇನ್ನೊಂದು ಸಾಲು ಯುರೋಪಿನಲ್ಲೇ ಅಪರೂಪ. 1922ರ ಜೂನ್ ಕೊನೆಯಲ್ಲಿ, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆಗಳ ಕಚೇರಿ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿ ಅಷ್ಟೂ ಸಂಪುಟಗಳು ಬೂದಿಯಾದವು. ಆದರೆ ಅದಕ್ಕೆ ಎಷ್ಟೋ ಮುಂಚೆ ಸರ್ ಎಡ್ವರ್ಡ್ ಸಲಿವನ್ ಎಂಬ ಬೈಂಡಿಂಗ್ ಹುಚ್ಚಿನವರೊಬ್ಬರು ಆ ಹೊದಿಕೆಗಳ ಮೇಲೆ ಕಾಗದ ಹೊದಿಸಿ ಉಜ್ಜಿಟ್ಟಿದ್ದರು. ಪೆನ್ಸಿಲ್ ಉಜ್ಜಬಾರದು ಎಂದು ಈಗಷ್ಟೇ ಹೇಳಿದ ನಾನು ಈ ಒಂದು ಕಡೆ ಸುಮ್ಮನಿರುತ್ತೇನೆ. ಮಾರಿಸ್ ಕ್ರೇಗ್ 1954ರಲ್ಲಿ ಐರಿಷ್ ಬೈಂಡಿಂಗ್ ಚರಿತ್ರೆ ಬರೆದಾಗ ಆ ಹಾಳೆಗಳೇ ಆಧಾರ. ಇಲ್ಲದ ಪುಸ್ತಕದ ಹೂವನ್ನು ಇರುವ ಪುಸ್ತಕದ ಹೂವಿನ ಜೊತೆ ಇಟ್ಟು ನೋಡಿ ಅಂಗಡಿಗಳನ್ನು ಬೇರ್ಪಡಿಸಿದ್ದಾಯಿತು. ಅಲ್ಲೂ ಹೆಸರುಗಳಿಲ್ಲ. ಆ ಮಹಾನ್ ಕುಶಲಕರ್ಮಿಗಳು ಇಂದಿಗೂ 'ಪಾರ್ಲಿಮೆಂಟರಿ ಬೈಂಡರ್ ಎ', 'ಪಾರ್ಲಿಮೆಂಟರಿ ಬೈಂಡರ್ ಬಿ'.

ಪ್ಯಾರಿಸ್ಸಿನಲ್ಲಿ ಮಾತ್ರ ಹೆಸರುಗಳಿಗೆ ಬರವಿಲ್ಲ. 18ನೆಯ ಶತಮಾನದ ಪಾದ್‌ಲೂ, ದೆರೋಮ್ ಮೊದಲಾದವರು ಪುಸ್ತಕದೊಳಗೆ ತಮ್ಮ ಹೆಸರಿನ ಚೀಟಿ ಅಂಟಿಸುತ್ತಿದ್ದರು. ಕಿರಿಯ ದೆರೋಮ್‌ನ ರೆಕ್ಕೆ ಬಿಚ್ಚಿದ ಹಕ್ಕಿಯ ಅಚ್ಚಂತೂ ಸಂಗ್ರಾಹಕರಿಗೆ ಪ್ರಾಣ. ಚೀಟಿ ಇದ್ದ ಮೇಲೆ ಇನ್ನೇನು ತೊಂದರೆ ಎನಿಸಬಹುದು. ತೊಂದರೆ ಇದೆ. ಅಲ್ಲಿ ಪುಸ್ತಕ ಕಟ್ಟುವವನೂ ಚಿನ್ನ ಕೂರಿಸುವವನೂ ಎಷ್ಟೋ ವೇಳೆ ಬೇರೆ ಬೇರೆ. ಚೀಟಿ ಕಟ್ಟಿದವನದು, ಅಚ್ಚು ಇನ್ನೊಬ್ಬನದು. ಅಪ್ಪ ಸತ್ತರೆ ಅಚ್ಚುಗಳು ಮಗನಿಗೋ ಅಳಿಯನಿಗೋ ಹೋಗುತ್ತಿದ್ದವು, ಅಂಗಡಿ ಮುಚ್ಚಿದರೆ ಮಾರಾಟಕ್ಕೆ. ಒಬ್ಬರ ಹಕ್ಕಿ ಜನಪ್ರಿಯವಾದರೆ ಬೀದಿಯ ಎಲ್ಲರಿಗೂ ಹಕ್ಕಿ ಬೇಕು. ಹಾಗಾಗಿ ಹಕ್ಕಿ ಕಂಡ ಕೂಡಲೇ ದೆರೋಮ್ ಅನ್ನುವಂತಿಲ್ಲ. ಕೊಕ್ಕಿನ ಬಾಗು, ರೆಕ್ಕೆಯ ಗರಿಗಳ ಎಣಿಕೆ ಹೊಂದಬೇಕು, ಜೊತೆಗೆ ಅದೇ ಹೊದಿಕೆಯ ಬೇರೆ ಮೂರ್ನಾಲ್ಕು ಅಚ್ಚುಗಳೂ ಹೊಂದಬೇಕು. ಒಂದೇ ಅಚ್ಚು ಹೊಂದಿದರೆ ಅದು ಕೈ ಬದಲಿಸಿದ ಅಚ್ಚು ಇರಬಹುದು. ಒಂದು ಪೆಟ್ಟಿಗೆಯ ಅಚ್ಚುಗಳೆಲ್ಲ ಒಟ್ಟಿಗೆ ಕಂಡರೆ ಅದು ಅಂಗಡಿ.

ಕಾಲ ಹೇಳುವುದು ಇನ್ನೊಂದು ತಲೆನೋವು. ಪುಸ್ತಕ ಅಚ್ಚಾದ ವರ್ಷ ಬೈಂಡಿಂಗ್ ಅದಕ್ಕಿಂತ ಹಳೆಯದಲ್ಲ ಎಂಬುದನ್ನು ಮಾತ್ರ ಹೇಳುತ್ತದೆ. ಜರ್ಮನಿಯ 16ನೆಯ ಶತಮಾನದ ಎಷ್ಟೋ ಗಾಲಿಗಳ ಮೇಲೆ ಇಸವಿಯನ್ನೇ ಕೆತ್ತಿರುತ್ತಾರೆ. ಆದರೆ ಅದು ಗಾಲಿ ಕೆತ್ತಿದ ವರ್ಷ, ಅದೇ ಗಾಲಿ ಆಮೇಲೆ ದಶಕಗಟ್ಟಲೆ ಉರುಳಿರುತ್ತದೆ. ಪ್ಯಾರಿಸ್ಸಿನಲ್ಲಿ ವರ್ಷವರ್ಷವೂ ಬರುತ್ತಿದ್ದ 'ಆಲ್ಮನಾ ರೊಯಾಲ್' ಎಂಬ ಅರಮನೆ ಪಂಚಾಂಗ ಇಲ್ಲಿ ನೆರವಿಗೆ ಬರುತ್ತದೆ. ಹಳೆಯ ವರ್ಷದ ಪಂಚಾಂಗಕ್ಕೆ ಚಿನ್ನ ಹಾಕಿಸುವವರು ಕಡಿಮೆ, ಆದ್ದರಿಂದ ಅದರ ಬೈಂಡಿಂಗ್ ಬಹುಮಟ್ಟಿಗೆ ಅದೇ ವರ್ಷದ್ದು. ಅವುಗಳನ್ನು ಸಾಲಾಗಿ ಇಟ್ಟರೆ ಅಚ್ಚು ಎಂದಿನವರೆಗೆ ಪೂರ್ತಿ ಇತ್ತು, ಎಂದಿನಿಂದ ಮುರಿದಿದೆ ಎಂಬುದು ಸಿಗುತ್ತದೆ. ಆಮೇಲೆ ಇಸವಿ ಗೊತ್ತಿಲ್ಲದ ಪುಸ್ತಕದಲ್ಲಿ ಅದೇ ಅಚ್ಚು ಪೂರ್ತಿ ಕಂಡರೆ ಅದು ಮುರಿಯುವ ಮೊದಲಿನದು.

ಚಿನ್ನ ಇರುವಲ್ಲಿ ಮೋಸ ಇಲ್ಲದಿರುತ್ತದೆಯೇ? 16ನೆಯ ಶತಮಾನದ ರೋಮ್‌ನಲ್ಲಿ ಕಟ್ಟಿದ ಒಂದು ಗುಂಪಿನ ಪುಸ್ತಕಗಳ ಮೇಲೆ ಅಪೊಲೊ ರಥ ಓಡಿಸುವ, ಎದುರಿಗೆ ರೆಕ್ಕೆಯ ಕುದುರೆ ಪೆಗಾಸಸ್ ನಿಂತಿರುವ ಪದಕವಿದೆ. ಬಹುಕಾಲ ಇವನ್ನು ಕನೆವಾರಿ ಎಂಬ ವೈದ್ಯನ ಸಂಗ್ರಹವೆಂದು ನಂಬಿದ್ದರು. ಕನೆವಾರಿ ಹುಟ್ಟಿದ್ದು 1559ರಲ್ಲಿ. ಬೈಂಡಿಂಗ್‌ಗಳು 1540ರ ದಶಕದವು! ಬೈಂಡಿಂಗ್ ವಿದ್ವಾಂಸ ಜಿ. ಡಿ. ಹಾಬ್ಸನ್ 1926ರಲ್ಲಿ ಆ ನಂಬಿಕೆಯನ್ನು ಕೆಡವಿದರು. ಅವರ ಮಗ ಆಂತೊನಿ ಹಾಬ್ಸನ್ 1975ರಲ್ಲಿ ನಿಜವಾದ ಒಡೆಯ ಜಿನೋವಾದ ಜೊವಾನ್ನಿ ಬತ್ತಿಸ್ತಾ ಗ್ರಿಮಾಲ್ದಿ ಎಂದು ತೋರಿಸಿದರು. ಅಪ್ಪ ಶುರು ಮಾಡಿದ ಕೆಲಸವನ್ನು ಮಗ ಅರ್ಧ ಶತಮಾನದ ನಂತರ ಮುಗಿಸಿದ್ದು ನನಗೆ ಬಲು ಇಷ್ಟದ ಸಂಗತಿ. ಈ ಪದಕಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ 19ನೆಯ ಶತಮಾನದಲ್ಲಿ ನಿಜವಾದ ಹಳೆಯ, ಬರಿದಾದ ಹೊದಿಕೆಗಳ ಮೇಲೆ ಹೊಸದಾಗಿ ಪದಕ ಒತ್ತಿ ಮಾರಿದರು.

ಅದೇ ಶತಮಾನದ ಥಿಯೊಡೊರ್ ಅಗೇ ಇನ್ನೂ ಗಟ್ಟಿಗ. ನಿಜವಾದ 16ನೆಯ ಶತಮಾನದ ಪುಸ್ತಕಗಳಿಗೆ ಫ್ರಾನ್ಸಿನ ರಾಜ ಎರಡನೇ ಹೆನ್ರಿ, ಅವನ ಪ್ರಿಯೆ ಡಯಾನ್ ದ ಪ್ವಾತಿಯೆ ಇಂಥವರ ಲಾಂಛನ ಹಾಕಿ ಅರಮನೆಯ ಪುಸ್ತಕಗಳಾಗಿಸುತ್ತಿದ್ದ. ಲಂಡನ್ನಿನ ಜಾನ್ ಬ್ಲ್ಯಾಕರ್ ಎಂಬ ಶ್ರೀಮಂತ ನಂಬಿ ನಂಬಿ ಕೊಂಡ. ಅವನು ತೀರಿಕೊಂಡ ಮೇಲೆ 1897ರಲ್ಲಿ ಸದಬೀಸ್ ಹರಾಜಿನಲ್ಲಿ ಆ ಸಂಗ್ರಹ ಮಾರಾಟವಾದದ್ದು 'ಆಧುನಿಕ ಬೈಂಡಿಂಗ್'ಗಳೆಂದು. ಇಂಥವನ್ನು ಹಿಡಿಯುವ ಉಪಾಯ ಬಲು ಸುಲಭದ್ದು. ಖೋಟಾ ಮಾಡುವವನು ಪುಸ್ತಕಕ್ಕೊಂದು ಹೊಸ ಅಚ್ಚು ಕೆತ್ತಿಸುತ್ತಾ ಕೂತರೆ ಲಾಭ ಉಳಿಯುವುದಿಲ್ಲ. ರೋಮ್‌ನ ಪೋಪನದೆಂಬ ಪುಸ್ತಕದ ಮೇಲೂ ಪ್ಯಾರಿಸ್ಸಿನ ರಾಜನದೆಂಬ ಪುಸ್ತಕದ ಮೇಲೂ ಅದೇ ಮೊಂಡು ಎಲೆ ಕಂಡರೆ, ಪೋಪನೂ ರಾಜನೂ ಹೋದದ್ದು ಒಂದೇ ಅಂಗಡಿಗೆ. ಅದು ಅವರ ಕಾಲದ್ದಂತೂ ಅಲ್ಲ.

ಇನ್ನು ನಮ್ಮ ಕಡೆಗೆ ಬಂದರೆ, ತಾಳೆಗರಿ ಕಟ್ಟುಗಳಿಗೆ ಮರದ ಹಲಗೆ, ದಾರ, ಬಟ್ಟೆ. ಅಲ್ಲಿ ಈ ವಿದ್ಯೆಗೆ ಕೆಲಸವಿಲ್ಲ. ಆದರೆ ನನ್ನ ಮನೆಯಿಂದ ಮುಕ್ಕಾಲು ಗಂಟೆ ದೂರದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಗ್ರಂಥಾಲಯವಿತ್ತು. 1799ರಲ್ಲಿ ಕೋಟೆ ಬಿದ್ದ ಮೇಲೆ ಅದರ ಅರಬ್ಬಿ, ಪಾರಸಿ ಮೊದಲಾದ ಸುಮಾರು 2000 ಹಸ್ತಪ್ರತಿಗಳು ಕಲ್ಕತ್ತಕ್ಕೆ ಹೋಗಿ, ಅಲ್ಲಿಂದ ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೂ ಹಂಚಿಹೋದವು. ಚಾರ್ಲ್ಸ್ ಸ್ಟುವರ್ಟ್ ಎಂಬಾತ 1809ರಲ್ಲಿ ಪ್ರಕಟಿಸಿದ ವಿವರಪಟ್ಟಿಯ ಪ್ರಕಾರ ಇವುಗಳಲ್ಲಿ ಕೊಂಡು ತಂದವು ತೀರ ಕಡಿಮೆ. ಸವಣೂರು, ಕಡಪ, ಕರ್ನಾಟಿಕ್ ಪ್ರಾಂತಗಳಿಂದ ಯುದ್ಧದ ಲೂಟಿಯಾಗಿ ಬಂದವೇ ಹೆಚ್ಚು. ಶ್ರೀರಂಗಪಟ್ಟಣದಲ್ಲಿ ಮರುಬೈಂಡ್ ಮಾಡಿದವನ್ನು ಅವನು ಹೊದಿಕೆಯಿಂದಲೇ ಗುರುತಿಸಿದ್ದಾನೆ. ನಡುವಿನ ಪದಕದಲ್ಲಿ ದೇವರ, ಪ್ರವಾದಿಯ, ಫಾತಿಮಾ, ಹಸನ್, ಹುಸೇನರ ಹೆಸರು. ನಾಲ್ಕು ಮೂಲೆಗೆ ಮೊದಲ ನಾಲ್ವರು ಖಲೀಫರು. ಮೇಲೆ 'ಸರ್ಕಾರೆ ಖುದಾದಾದ್', ಕೆಳಗೆ 'ಅಲ್ಲಾ ಕಾಫಿ'.

ಸ್ಟುವರ್ಟ್ ಓದಿದ್ದು ಅಕ್ಷರವನ್ನು. ನನಗೆ ಬೇಕಾದದ್ದು ಅಕ್ಷರದ ಅಂಚು. ಹೆಸರು ಬೇರೆ ಬೇರೆಯಾದ್ದರಿಂದ ಮೂಲೆಗಳ ಅಚ್ಚೂ ಬೇರೆ ಬೇರೆ. ಟಿಪ್ಪು ಆಳಿದ್ದು 1782ರಿಂದ 1799ರವರೆಗೆ. ಅಷ್ಟು ಕಿರಿದಾದ ಅವಧಿ, ಒಂದೇ ಊರಿನ ಕಾರ್ಖಾನೆ, ಹಂಚಿಹೋದರೂ ಲೆಕ್ಕಕ್ಕೆ ಸಿಗುವ ಸಂಗ್ರಹ. ಪ್ಯಾರಿಸ್ಸಿನವರಿಗೂ ಇಷ್ಟು ಅನುಕೂಲದ ಸಾಮಗ್ರಿ ಸಿಕ್ಕಿರಲಿಲ್ಲ. ಲಂಡನ್ನಿನ ಒಂದು ಹೊದಿಕೆಯಲ್ಲಿ ಉಮರ್ ಹೆಸರಿನ ಅಚ್ಚಿನ ಅಂಚು ಪೂರ್ತಿಯಾಗಿದ್ದು ಕಲ್ಕತ್ತದ ಇನ್ನೊಂದರಲ್ಲಿ ಅದೇ ಅಂಚು ಒಡೆದಿದ್ದರೆ, ಯಾವುದು ಮೊದಲು ಮರುಬೈಂಡ್ ಆಯಿತೆಂದು ಹೇಳಬಹುದು. ಹಾಗೆ ಸಾಲು ಹಿಡಿದರೆ, ಸವಣೂರಿನಿಂದ ಬಂದ ಗಂಟನ್ನು ಮೊದಲು ಬಿಚ್ಚಿದರೋ ಕಡಪದ್ದನ್ನೋ ಎಂಬುದಕ್ಕೂ ಉತ್ತರ ಸಿಗಬಹುದು. ಹಳೆಯ ದಖನಿ ಹೊದಿಕೆಯನ್ನು ಉಳಿಸಿಕೊಂಡು ಮೇಲೆ ಪದಕ ಒತ್ತಿದ್ದಾರೋ, ಇಡೀ ಚರ್ಮವನ್ನೇ ಬದಲಿಸಿದ್ದಾರೋ ಎಂಬುದು ಪದಕದ ಕೆಳಗೆ ಹಳೆಯ ಒತ್ತಿನ ತಗ್ಗು ಉಳಿದಿದೆಯೇ ಎಂದು ಅಡ್ಡ ಬೆಳಕಿನಲ್ಲಿ ನೋಡಿದರೆ ತಿಳಿಯುತ್ತದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಎಲ್ಲ ಊರುಗಳಲ್ಲೂ ಒಂದೇ ರೀತಿ ಮೇಲಿನಿಂದ ನೆಟ್ಟಗೆ, ಸ್ಕೇಲು ಇಟ್ಟು ತೆಗೆದ ಫೋಟೊ ಬೇಕು; ನೋಡುವವರಿಗೆ ಪಾರಸಿ ಅಕ್ಷರ ಬರಬೇಕು. ಪಾರಸಿ ನಾನು ಈಗ ಕಲಿಯುತ್ತಿದ್ದೇನೆ.